ಮೆತ್ತಗಿನ ರೆಗ್ಯುಲೇಟರ್

ಪೇಂಟ್‌ಬಾಲ್ ಬಂದೂಕಿನ ಬಣ್ಣದ ಗುಂಡು ಎಷ್ಟು ಜೋರಾಗಿ ಹಾರಬೇಕೆಂಬುದು ಅದರ ಗಾಳಿ ರೆಗ್ಯುಲೇಟರಿನ ಕೈಯಲ್ಲಿದೆ. ಜಾಸ್ತಿಯಾದರೆ ಮೈಮೇಲೆ ಬಾಸುಂಡೆ. ಮೈದಾನದಲ್ಲಿ ರೆಗ್ಯುಲೇಟರ್ ಜೋಡಿಸುವವನು ಶಿವಮಾದು.

ತಮ್ಮ ಕಚೇರಿಯ ಸಿಬ್ಬಂದಿಯನ್ನು ಆಟಕ್ಕೆ ಕರೆತಂದ ಮ್ಯಾನೇಜರ್ ವರದರಾಜ್ ಅವನಿಗೆ ಹೇಳಿದರು: "ನನ್ನದಕ್ಕೆ ಇರೋದ್ರಲ್ಲೇ ಜೋರಿಂದು ಹಾಕು. ಇವರಿಗೆಲ್ಲ ಮೆತ್ತಗಿನದು ಸಾಕು. ಆಗಲ್ಲ ಅಂದ್ರೆ ನಿನ್ನ ಓನರ್ ಹತ್ರ ಮಾತಾಡ್ತೀನಿ."

ಓನರ್ ಪಕ್ಕದಲ್ಲೇ ನಿಂತು ಆಕಾಶ ನೋಡುತ್ತಿದ್ದರು.

"ಆಗ್ಲಿ ಸಾರ್," ಎಂದ ಶಿವಮಾದು. "ಅರ್ಧ ಆಟ ಆದ್ಮೇಲೆ ಎರಡೂ ಕಡೆಯವರು ಬಂದೂಕು ಬದಲಾಯಿಸ್ಕೋಬೇಕು. ಇಲ್ಲಿನ ಪದ್ಧತಿ. ನಿಮ್ಮದು ಯಾರಿಗೆ ಕೊಡ್ಲಿ?"

ತಂಗಿಯ ಮದುವೆಗೂ ರಜೆ ಸಿಗದಿದ್ದ ಗುಮಾಸ್ತ ಚೆಲುವರಾಜ ಮೆಲ್ಲಗೆ ಕೈ ಎತ್ತಿದ. ಅವನ ಹಿಂದೆ ಉಳಿದವರೂ ಎತ್ತಿದರು.

ವರದರಾಜ್ ಆ ಕೈಗಳನ್ನು ನೋಡಿದರು.

"ಎಲ್ಲದಕ್ಕೂ ಮೆತ್ತಗಿನದೇ ಹಾಕು."

ಅವರು ಆಟಕ್ಕಿಳಿದ ಮೇಲೆ ಓನರ್ ಕೇಳಿದರು: "ಈ ಪದ್ಧತಿ ಯಾವಾಗಿಂದ, ಮಾದು?"

"ಈಗಿಂದ ಸಾರ್."