ನೀಲವ್ವನ ಏರು

ಘಟ್ಟದ ರೈಲುದಾರಿಯಲ್ಲಿ, ಕೆಳಗಿನ ಸ್ಟೇಷನ್ನಿಗೆ ಸ್ವಲ್ಪ ಮೊದಲು, ಮುಖ್ಯ ಹಳಿಯಿಂದ ಕವಲೊಡೆದ ಇನ್ನೊಂದು ಹಳಿ ಗುಡ್ಡ ಏರಿ ಮಣ್ಣಿನ ದಿಬ್ಬದಲ್ಲಿ ಮುಗಿಯುತ್ತದೆ. ಎಲ್ಲಿಗೂ ಹೋಗದ ಈ ಹಳಿಯನ್ನು ಬ್ರಿಟನ್ನಿನಿಂದ ಬಂದ ಇಂಜಿನಿಯರುಗಳು ಸುಮ್ಮನೆ ಹಾಕಿದ್ದಲ್ಲ. ಬ್ರೇಕು ಹತ್ತದೆ ಓಡಿಬಂದ ರೈಲು ಇದನ್ನು ಹತ್ತಿ, ವೇಗ ಕಳೆದುಕೊಂಡು ನಿಲ್ಲಲಿ ಎಂದು ಹಾಕಿದ್ದು. ದಾರಿ ಸದಾ ಏರಿನ ಕಡೆಗೇ ತೆರೆದಿರಬೇಕು. ಇಳಿದುಬಂದ ರೈಲು ನಿಂತು ಸೀಟಿ ಹಾಕಿದ ಮೇಲಷ್ಟೇ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಲಿವರು ಎಳೆದು ಅದನ್ನು ಮುಖ್ಯ ಹಳಿಗೆ ಬಿಡಬೇಕು. ಜನ ಇದನ್ನು ನೀಲವ್ವನ ಏರು ಎನ್ನುತ್ತಾರೆ.

ಹಿಂದೆ ಒಮ್ಮೆ, ರೈಲು ಕಂಪನಿಯ ಕಾಲದಲ್ಲಿ, ಇಲ್ಲಿ ಭರಮಪ್ಪನೆಂಬ ಪಾಯಿಂಟ್ಸ್‌ಮನ್ ಇದ್ದ. ಕೆಲಸದಲ್ಲಿ ಕಟ್ಟುನಿಟ್ಟು, ತಿನ್ನುವ ವಿಷಯದಲ್ಲಿ ಮಾತ್ರ ಸಡಿಲ. ಸಂಡಿಗೆ ಎಂದರೆ ಪ್ರಾಣ ಬಿಡುತ್ತಿದ್ದ. ಹಳಿಯ ಕೂಲಿ ಮಾಡುತ್ತಿದ್ದ ಮುದುಕಿ ನೀಲವ್ವ, ಚೊಚ್ಚಲ ಹೆರಿಗೆಗೆ ಬರಲಿದ್ದ ಮಗಳಿಗೆಂದು ಸಂಡಿಗೆ ಹಾಕಲು ಬಿಸಿಲು ಹುಡುಕುತ್ತಿದ್ದಳು. ಆ ಕಾಡಿನಲ್ಲಿ ಬಿಸಿಲು ಬೀಳುತ್ತಿದ್ದುದು ಏರಿನ ಮೇಲಷ್ಟೇ. "ಅಲ್ಲೇ ಹಾಕ ಬೇ ಯವ್ವಾ. ನಾ ಬಂದಾಗಿಂದ ಆ ಹಳಿ ಮ್ಯಾಲೆ ಒಂದು ಗಾಲಿನೂ ಉರುಳಿಲ್ಲ. ನನಗೂ ಒಂದು ಹಿಡಿ ಇಡು" ಎಂದ ಭರಮಪ್ಪ. ಬಾರದ ಅಪಾಯ ಇನ್ನು ಬರುವುದೇ ಇಲ್ಲ ಎಂದು ನಂಬಿದವರಲ್ಲಿ ಅವನೇನೂ ಮೊದಲಿಗನಲ್ಲ ಬಿಡಿ.

ಮರುದಿನ ಮಧ್ಯಾಹ್ನದ ರೈಲು ನಿಲ್ಲಬೇಕಾದಲ್ಲಿ ನಿಲ್ಲದೆ, ಸೀಟಿ ಕೂಗುತ್ತಲೇ ಇಳಿದುಬಂತು. "ಏಳ ಬೇ! ಏಳ!" ಎಂದು ಭರಮಪ್ಪ ಅರಚಿದ. ಆ ಗದ್ದಲದಲ್ಲಿ ಅವನ ಕೂಗು ಯಾರಿಗೆ ಕೇಳಬೇಕು? ಸೀಟಿಯೋ, ದಿನಾ ಕೇಳುವಂಥದ್ದೇ. ನೀಲವ್ವ ಬೆನ್ನು ಹಾಕಿ ಕುಳಿತು ಸಂಡಿಗೆ ಮಗುಚುತ್ತಲೇ ಇದ್ದಳು. ಭರಮಪ್ಪನ ಕೈ ಲಿವರಿಗೆ ಹೋಯಿತು. ಎಳೆದರೆ ಮುದುಕಿ ಉಳಿಯುತ್ತಿದ್ದಳು, ರೈಲು ಮುಖ್ಯ ಹಳಿಯಲ್ಲೇ ಓಡಿ, ಅದರ ತುಂಬ ಇದ್ದ ಜನ ಕಣಿವೆಯ ಪಾಲಾಗುತ್ತಿದ್ದರು. ಅವನು ಎಳೆಯಲಿಲ್ಲ. ರೈಲು ಏರು ಹತ್ತಿ ನಿಂತಿತು. ನೀಲವ್ವ ಅದರಡಿಗೆ ಸಿಕ್ಕಿ ಸತ್ತಳು. ಇಳಿದವರಲ್ಲಿ ಅವಳ ಮಗಳು ಕಾಶವ್ವನೂ ಇದ್ದಳು. ತುಂಬು ಬಸುರಿ, ತಾಯಿಯ ಸುದ್ದಿ ಇನ್ನೂ ತಿಳಿಯದೆ, "ನಮ್ಮ ಜೀವಾ ಉಳಿಸಿದಿ ಅಣ್ಣಾ" ಎಂದು ಕಾಲಿಗೆ ಬಾಗಿದಳು. ಭರಮಪ್ಪ ಹಿಂದೆ ಸರಿದ. "ನನ್ನ ಕಾಲು ಮುಟ್ಟಬ್ಯಾಡ ತಂಗಿ. ನಿಮ್ಮವ್ವನ್ನ ಅಲ್ಲಿ ಕುಂಡ್ರಿಸಿದಾಂವ ನಾನ" ಎಂದ. ಅವನು ಸಾಯುವ ತನಕ ಆಕೆಯ ಅಳು ಅವನ ಕಿವಿ ಬಿಟ್ಟು ಹೋಗಲಿಲ್ಲ ಎನ್ನುತ್ತಾರೆ.

ಕಂಪನಿಯವರು ಇಂಗ್ಲೆಂಡಿನಿಂದ ಎರಕದ ಫಲಕ ತರಿಸಿ, 'ಭರಮಪ್ಪನ ಏರು' ಎಂದು ಕಂಬಕ್ಕೆ ಜಡಿಸಿದರು. ಅವನು ಮಾತ್ರ ಕೇಳಿದವರಿಗೆಲ್ಲ ನೀಲವ್ವನ ಏರು ಎಂದೇ ಹೇಳಿದ. ನೋಡಲು ಬಂದವರು ಇಂದಿಗೂ ಆ ಫಲಕದ ಮುಂದೆ ನಿಲ್ಲುತ್ತಾರೆ. ಇಸವಿ, ಬದುಕುಳಿದ ಜೀವಗಳ ಮಾತು, ಕಂಪನಿಯ ಹೊಗಳಿಕೆ ಎಲ್ಲ ಉಬ್ಬಕ್ಷರದಲ್ಲಿ ಹಾಗೇ ಇವೆ. ಹೆಸರಿದ್ದ ಜಾಗ ಮಾತ್ರ ನುಣ್ಣಗಿದೆ. ಭರಮಪ್ಪನೇ ಅರ ಹಿಡಿದು ಕೂತು ತನ್ನ ಹೆಸರು ಉಜ್ಜಿ ಅಳಿಸಿದನಂತೆ.