ಕಣಿವೆ ಕಾದ ಹುಲಿ

ಕರಾವಳಿಯಿಂದ ಬಯಲುಸೀಮೆಗೆ ಉಪ್ಪು ಹೊರುತ್ತಿದ್ದ ಕೆಂದನೆಂಬ ಮುದಿ ಎತ್ತಿಗೆ ಕಣಿವೆಯ ತಿರುವಿನಲ್ಲಿ ಹುಲಿಯೊಂದು ಅಡ್ಡ ನಿಂತಿತು. ಕೆಂದ ಹೆದರುತ್ತಲೇ ಹೇಳಿತು:

"ಪ್ರಭು, ನನ್ನನ್ನು ತಿಂದರೆ ಇನ್ನು ಯಾವ ಎತ್ತೂ ಈ ದಾರಿ ತುಳಿಯದು. ಬಿಟ್ಟರೆ, ಹೋಗುವ ಪ್ರತಿ ಎತ್ತೂ ಈ ಬಂಡೆಗೆ ಚೀಲ ಉಜ್ಜಿ ಒಂದಿಷ್ಟು ಉಪ್ಪು ಉದುರಿಸುತ್ತದೆ. ಅದನ್ನು ನೆಕ್ಕಲು ಜಿಂಕೆಗಳು ತಾವಾಗಿಯೇ ಬರುತ್ತವೆ."

ಹುಲಿ ಒಪ್ಪಿತು. ಜಿಂಕೆಗಳು ಬಂದವು. ಕುಳಿತಲ್ಲೇ ಹೊಟ್ಟೆ ತುಂಬಿದ್ದರಿಂದ ಹುಲಿ ಎತ್ತುಗಳಿಗೆ ಕಾವಲಾಗಿ ತೋಳಗಳನ್ನೆಲ್ಲ ಓಡಿಸಿತು. ಆಮೇಲೆ ಎತ್ತುಗಳು ಹಿಂಡುಹಿಂಡಾಗಿ ಬಂದವು. ಮೂರೇ ವರ್ಷದಲ್ಲಿ ಕಾಡಿಗೆ ಕಾಡೇ ಹುಲಿಯನ್ನು ರಾಜನೆಂದು ಕರೆಯಿತು. ಕೆಂದನ ಹೆದರಿಕೆ ಮಾತ್ರ ಹೋಗಲಿಲ್ಲ.

ಒಂದು ದಿನ ಹುಲಿ ಕೇಳಿತು: "ಕಡಲಿಗೆ ಬೇರೆ ದಾರಿ ಉಂಟೇನು?"

ಸುಳ್ಳು ಹೇಳಲು ಕೆಂದನಿಗೆ ಧೈರ್ಯ ಸಾಲಲಿಲ್ಲ. "ಬಡಗಣ ಕಣಿವೆ ಇದೆ, ಪ್ರಭು. ಬಹಳ ಕಡಿದಾದ ದಾರಿ."

"ಅಲ್ಲಿ ಕಾವಲು ಯಾರದು?"

"ಯಾರದೂ ಇಲ್ಲ."

ಮರುವಾರ ಬಡಗಣ ಕಣಿವೆ ಹತ್ತಿದ ನಾಲ್ಕು ಎತ್ತುಗಳಲ್ಲಿ ಒಂದೂ ಮರಳಲಿಲ್ಲ; ಅಲ್ಲಿ ಉಳಿದದ್ದು ಹುಲಿಯ ಹೆಜ್ಜೆಗುರುತು ಮಾತ್ರ. ಸುದ್ದಿ ಕೇಳಿದ ಕೆಂದ, ಹೊರೆ ಹೊತ್ತು, ತಲೆ ತಗ್ಗಿಸಿಕೊಂಡು ಹಳೆಯ ದಾರಿಗೇ ಬಂತು.

ಹುಲಿ ಎದ್ದು ಪಕ್ಕಕ್ಕೆ ಸರಿದು ಮೃದುವಾಗಿ ನುಡಿಯಿತು: "ಬಾ, ಹೆದರಬೇಡ. ಇಲ್ಲಿ ನಾನಿದ್ದೇನೆ."