ಗುಂಡಜ್ಜ ಓಟ ಬಿಟ್ಟ ದಿನ

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ನದಿಗೆ ತನ್ನ ದಾರಿ ಸರಿಯಾಗಿ ಬಾಯಿಪಾಠ ಆಗಿರಲಿಲ್ಲ. ಗಾಳಿ, ಕಲ್ಲು, ಹಕ್ಕಿ ಎಲ್ಲರೂ ಬಾಯಿತುಂಬ ಮಾತಾಡುತ್ತಿದ್ದರು. ಈಗಿನ ಬಿಗುಮಾನ ಆಗ ಎಲ್ಲಿತ್ತು?

ಆ ಕಾಲದಲ್ಲಿ ಯಾರನ್ನು ನೂಕಿದರೂ ಓಟ ಒಂದೇ. ಗಾಳಿಯವ್ವ ಒಮ್ಮೆ ಉಫ್ ಅಂದರೆ ಬೂರುಗದ ಅರಳೆಯೂ ಓಡುತ್ತಿತ್ತು, ಆನೆಗಾತ್ರದ ಬಂಡೆಯೂ ಅದರ ಜೊತೆಗೇ ಓಡುತ್ತಿತ್ತು. ಯಾರಾದರೂ ಜೋರಾಗಿ ಸೀನಿದರೆ ಸಾಕು, ಅವರ ಬೀಸುವ ಕಲ್ಲು ಪಕ್ಕದ ಮನೆಯ ಅಂಗಳದಲ್ಲಿ! ಆಮೇಲೆ ಅದನ್ನು ಪುಸಲಾಯಿಸಿ ಕರೆದುಕೊಂಡು ಬರುವುದೇ ಒಂದು ಕೆಲಸ.

ನದಿಯ ದಡದಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳು. ಹರಿಗೋಲಿನಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವವಳು. ದೊಡ್ಡ ಬುಟ್ಟಿಯ ಹಾಗೆ ದುಂಡಗಿನ ದೋಣಿ ಅದು. ಒಬ್ಬರು ಕೂತರೂ ಹತ್ತು ಮಂದಿ ಕೂತರೂ ಒಂದೇ ಹುಟ್ಟು ಹಾಕಿದರೆ ಸರ್ ಅಂತ ದಾಟುತ್ತಿತ್ತು. ಸುಖವೋ ಸುಖ.

ಆದರೂ ಕೆಂಚವ್ವನಿಗೆ ಒಂದು ಸಂಕಟ. ಅವಳಿದ್ದ ದಡದಲ್ಲೇ ಗುಂಡಜ್ಜ ಅನ್ನುವ ಬಂಡೆಯಿದ್ದ. ಅವನ ನೆತ್ತಿಯ ಮೇಲೊಂದು ಗುಂಡಿ. ಕೆಂಚವ್ವನ ಅವ್ವ ವರ್ಷಾನುಗಟ್ಟಲೆ ಸಜ್ಜೆ ಕುಟ್ಟಿ ಕುಟ್ಟಿ ಆದ ಗುಂಡಿ ಅದು. ಅವ್ವ ಕುಟ್ಟುತ್ತಿದ್ದಳು, ಪುಟ್ಟ ಕೆಂಚವ್ವ ಪಕ್ಕದಲ್ಲಿ ಕೂತು ಹಿಟ್ಟು ನೆಕ್ಕುತ್ತಿದ್ದಳು. "ಎಲ್ಲಾ ನೀನಾ ತಿಂದ್ರ ರೊಟ್ಟಿಗೇನು ಉಳೀತದ?" ಅಂತ ಅವ್ವ ಬೈಯುತ್ತಲೇ ಇನ್ನೊಂದು ಚಿಟಿಕೆ ಕೊಡುತ್ತಿದ್ದಳು. ಈಗ ಅವ್ವ ಇಲ್ಲ. ಅವಳದ್ದು ಅಂತ ಉಳಿದದ್ದು ಆ ಗುಂಡಿ ಒಂದೇ.

ಉಳಿದರೇನು ಬಂತು, ನಿಂತಲ್ಲಿ ನಿಲ್ಲಬೇಕಲ್ಲ! ಗುಂಡಜ್ಜ ಇವತ್ತು ಹುಣಸೆಮರದ ಬುಡದಲ್ಲಿ, ನಾಳೆ ಒಂದು ಹರದಾರಿ ಆಚೆ. ಅರಳೆ ಅವನ ಜೀವದ ಗೆಳತಿ. ಗಾಳಿ ಬಂದರೆ ಇಬ್ಬರೂ ಮರಳ ಮೇಲೆ ಕೇಕೆ ಹಾಕುತ್ತ ಓಡುವರು. ಕೆಂಚವ್ವ ದಿನಾ ಬೆಳಗ್ಗೆ ಅವನನ್ನು ಹುಡುಕಿಕೊಂಡು ಹೊರಡುವಳು. ಸಿಕ್ಕಮೇಲೆ ಅವ್ವನ ಗುಂಡಿಯಲ್ಲಿ ಕೈಯಿಟ್ಟು ಕೂರುವಳು.

ಒಂದು ದಿನ ಗಾಳಿಯವ್ವ ಹೇಳಿದಳು, "ಕೆಂಚೀ, ನಾಳಿದ್ದು ಆಷಾಢ. ದೊಡ್ಡ ಗಾಳಿ ಬೀಸಾಕಿ ನಾನು. ಬಂಡೆ-ಗಿಂಡೆ ಎಲ್ಲಾ ಉರುಳ್ಕೊಂಡು ಸಮುದ್ರಕ್ಕ ಹೋಗ್ತಾವ."

ಸಮುದ್ರಕ್ಕೆ ಹೋದ ಬಂಡೆಯನ್ನು ಯಾರು ಹುಡುಕಿ ತರುತ್ತಾರೆ? "ಬ್ಯಾಡ ನನ್ನವ್ವ, ಬೀಸಬ್ಯಾಡ!" ಅಂತ ಕೆಂಚವ್ವ ಗೋಗರೆದಳು.

ಗಾಳಿಯವ್ವ ಪಾಪದವಳು, ಆಯ್ತು ಅಂತ ಉಸಿರು ಬಿಗಿಹಿಡಿದಳು. ಒಂದೇ ದಿನದಲ್ಲಿ ಎಲ್ಲ ಎಡವಟ್ಟು. ಮೋಡ ನಿಂತಲ್ಲೇ ನಿಂತಿತು. ಕಣದಲ್ಲಿ ಬೇಸಿಗೆ ಬೆಳೆಯ ರಾಶಿ ತೂರುವವರು ಮೊರ ಎತ್ತಿ ಹಿಡಿದು ಮೇಲೆ ನೋಡುತ್ತ ನಿಂತರು. ಮರದ ಕೊಂಬೆಗೆ ಸಿಕ್ಕಿಕೊಂಡ ಅರಳೆ ಹೋ ಅಂತ ಅತ್ತಿತು.

"ನನ್ನ ಕೈಲೆ ಆಗಂಗಿಲ್ಲವ್ವ, ಎದಿ ಒಡೀತದ," ಅಂದಳು ಗಾಳಿಯವ್ವ.

ಮರುದಿನ ಮಧ್ಯಾಹ್ನ ಕೆಂಚವ್ವ ಹತ್ತು ಮಂದಿಯನ್ನು ಕೂರಿಸಿಕೊಂಡು ಹೊಳೆ ನಡುವೆ ಇದ್ದಳು. ಹರಿಗೋಲಿನವರಲ್ಲಿ ಒಂದು ಪದ್ಧತಿ. ಹರಿಗೋಲಿನಲ್ಲಿ ಬುತ್ತಿ ಬಿಚ್ಚಿದರೆ ಅದು ಬಿಚ್ಚಿದವರದ್ದಲ್ಲ, ಕೂತವರೆಲ್ಲರದ್ದು. ಅವತ್ತು ಬುತ್ತಿಯಲ್ಲಿ ಇದ್ದದ್ದು ಒಂದೇ ರೊಟ್ಟಿ. ಹನ್ನೊಂದು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಎರಡು ಬೆರಳಿನಷ್ಟು ಚೂರು. ಒಬ್ಬಳೇ ಇದ್ದಿದ್ದರೆ ಇಡೀ ರೊಟ್ಟಿ ಅವಳದ್ದೇ. ಆ ಚೂರನ್ನು ಅಗಿಯುತ್ತಿದ್ದವಳು ಹಾಗೇ ನಿಲ್ಲಿಸಿದಳು.

"ಗಾಳಿಯವ್ವಾ! ನೀ ಯಾರ್ಯಾರಿಗೆ ಎಷ್ಟೆಷ್ಟು ನೂಕು ಕೊಡ್ತಿ?"

"ಏನ್ ಕೇಳ್ತಿ ಅದನ್ನ! ಅರಳೆಯೊಳಗಿನ ನಾಕು ಎಳಿಗೆ ಒಂದೊಂದು ಪೂರ್ತಿ ನೂಕು. ಗುಂಡಜ್ಜನ ಹೊಟ್ಯಾಗ ಕೋಟಿ ಕಣ ಅದಾವ, ಒಂದೊಂದು ಕಣಕ್ಕೂ ಪೂರ್ತಿ ನೂಕು. ಅದಕ್ಕಾ ನನಗ ಇಷ್ಟು ಉಬ್ಬಸ."

"ಅಯ್ಯ ನನ್ನವ್ವ! ಒಬ್ಬೊಬ್ಬರಿಗೂ ಒಂದೊಂದು ರೊಟ್ಟಿ ಯಾಕ ಬಡೀತಿ? ಅರಳೆಗೂ ಒಂದಾ ರೊಟ್ಟಿ, ಗುಂಡಜ್ಜಗೂ ಒಂದಾ ರೊಟ್ಟಿ ಕೊಡು. ಒಳಗಿರೋರು ಹಂಚ್ಕೊಂಡು ತಿನ್ಲಿ."

ಗಾಳಿಯವ್ವ ನಕ್ಕೇಬಿಟ್ಟಳು. ಆಮೇಲೆ ಮೆಲ್ಲಗೆ ಅಂದಳು, "ಖರೇ. ಆದ್ರ ನಿನ್ನ ಹರಿಗೋಲಿಗೂ ಅದಾ ಲೆಕ್ಕ ಬರ್ತದ. ತೂಕ ಇಮ್ಮಡಿ ಆದ್ರ, ಮೊದಲಿನ ಬಿರುಸು ಬೇಕಂದ್ರ ನೂಕೂ ಇಮ್ಮಡಿ ಹಾಕಬೇಕು. ನಿನ್ನ ರಟ್ಟಿ ಬೀಳ್ತಾವ. ಇನ್ನ ಗುಂಡಜ್ಜ ಅರಳೆ ಜೋಡಿ ಎಂದೂ ಓಡಂಗಿಲ್ಲ."

"ನನ್ನ ರಟ್ಟಿ ನೋಯ್ಲಿ ಬಿಡು," ಅಂದಳು ಕೆಂಚವ್ವ. ಆದರೆ ಗುಂಡಜ್ಜನಿಗೆ ಹೇಗೆ ಹೇಳುವುದು? ಹೋಗಿ ಅವನ ಪಕ್ಕ ಕೂತಳು. ಗುಂಡಿಯಲ್ಲಿ ಕೈಯಿಟ್ಟಳು.

"ನನಗೆಲ್ಲಾ ಕೇಳ್ಸೇತಿ ತಂಗೀ," ಅಂದ ಗುಂಡಜ್ಜ. "ನಿಮ್ಮವ್ವ ಸಜ್ಜಿ ಕುಟ್ಟುವಾಗ ನಾನು ಉಸಿರು ಹಿಡಿದು ನಿಲ್ತಿದ್ದೆ, ಒನಕಿ ತಪ್ಪಿ ಆಕಿ ಕೈಗೆ ಬಡೀಬಾರ್ದು ಅಂತ. ಅದೊಂದಾ ನಾನು ನಿಂತ ನೆನಪು. ಈಗಲೂ ನಿಲ್ತೀನಿ. ಆದ್ರ ಅರಳೆ ಜೋಡಿ ಇನ್ನೊಂದು ಸಲ ಓಡಿ ಬರ್ತೀನಿ."

ಆ ಸಂಜೆ ಗಾಳಿಯವ್ವ ಕೊನೆಯ ಸಲ ಹಳೆಯ ಹಾಗೆ ನೂಕಿದಳು. ದೊಡ್ಡ ಬಂಡೆ, ಪುಟ್ಟ ಅರಳೆ, ಇಬ್ಬರೂ ಮರಳ ಮೇಲೆ ಹೊತ್ತು ಮುಳುಗುವ ತನಕ ಓಡಿದರು. ಅವರಿಬ್ಬರನ್ನು ಅಗಲಿಸಿದೆನಲ್ಲ ಅಂತ ಕೆಂಚವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನೋಡಿದಳು. ಕೊನೆಗೆ ಗುಂಡಜ್ಜ ಏದುಸಿರು ಬಿಡುತ್ತ ಹುಣಸೆಮರದ ಬುಡಕ್ಕೆ, ಅವ್ವ ಕುಟ್ಟುತ್ತಿದ್ದ ಜಾಗಕ್ಕೇ ಬಂದು ಕೂತ.

ಆಷಾಢ ಬಂತು. ಗಾಳಿಯವ್ವ ಎಲ್ಲರಿಗೂ ಒಂದೊಂದೇ ರೊಟ್ಟಿ ಎಸೆದಳು. ಅರಳೆಯೊಳಗೆ ಹಂಚಿಕೊಳ್ಳುವವರು ನಾಲ್ಕೇ ಜನ, ಭರ್ತಿ ಪಾಲು ಸಿಕ್ಕಿತು. ಚಂಗನೆ ಹಾರಿ ಹೊಳೆ ದಾಟಿ ಹೋಯಿತು. ಗುಂಡಜ್ಜನೊಳಗೆ ಕೋಟಿ ಜನ. ಒಬ್ಬೊಬ್ಬರಿಗೆ ಬಂದ ಪಾಲು ನೆಲದ ಹಿಡಿತ ಬಿಡಿಸುವುದಕ್ಕೂ ಸಾಲಲಿಲ್ಲ. ಅವನು ಅಲ್ಲಾಡಲಿಲ್ಲ.

ಕೆಂಚವ್ವನ ಖಾಲಿ ಹರಿಗೋಲು ಒಂದೇ ಹುಟ್ಟಿಗೆ ಕುಪ್ಪಳಿಸಿತು. ಹತ್ತು ಮಂದಿ ಕೂತಾಗ ಅಬ್ಬಬ್ಬಾ! ಹುಟ್ಟಿನ ಮೇಲೆ ಹುಟ್ಟು ಹಾಕಿದ ಹಾಗೆ ಓಟ ಸ್ವಲ್ಪ ಸ್ವಲ್ಪವೇ ಏರಿತು. ಆಚೆ ದಡ ಬಂದಾಗ ನಿಲ್ಲಿಸುವುದಕ್ಕೂ ಅಷ್ಟೇ ತಿಣುಕಾಟ. ಧಡ್ ಅಂತ ಹೋಗಿ ದಡಕ್ಕೆ ಗುದ್ದಿತು, ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು.

ಅಂದಿನಿಂದ ಕೆಂಚವ್ವ ಗುಂಡಜ್ಜನನ್ನು ಹುಡುಕಿಕೊಂಡು ಹೋಗಲಿಲ್ಲ. ಅವನು ಅಲ್ಲೇ ಇರುತ್ತಿದ್ದ. ನೋಯುವ ರಟ್ಟೆಯಲ್ಲೇ ಅವಳು ಅವ್ವನ ಗುಂಡಿಯಲ್ಲಿ ಸಜ್ಜೆ ಕುಟ್ಟಿದಳು. ಮುಂದೆ ಅವಳಿಗೂ ಒಬ್ಬ ಮಗಳಾದಳು. ಪಕ್ಕದಲ್ಲಿ ಕೂತು ಹಿಟ್ಟು ನೆಕ್ಕುತ್ತಿದ್ದ ಆ ಮಗಳಿಗೆ "ಎಲ್ಲಾ ನೀನಾ ತಿಂದ್ರ ರೊಟ್ಟಿಗೇನು ಉಳೀತದ?" ಅಂತ ಬೈದು, ಇನ್ನೊಂದು ಚಿಟಿಕೆ ಕೊಟ್ಟಳು.

ಅರಳೆಯೂ ಗೆಳೆಯನನ್ನು ಮರೆಯಲಿಲ್ಲ ಮಗೂ. ಅದಕ್ಕೇ ಬೂರುಗದ ಕಾಯಿ ಒಡೆಯುವ ಕಾಲಕ್ಕೆ ಹೊಳೆದಂಡೆಗೆ ಹೋದರೆ, ನೀನು ಎರಡೂ ಕೈ ಹಚ್ಚಿ ನೂಕಿದರೂ ಬಂಡೆ ಮಿಸುಕುವುದಿಲ್ಲ, ಅದರ ನೆತ್ತಿಯ ಗುಂಡಿಯಲ್ಲಿ ಮಾತಾಡುತ್ತ ಕೂತ ಅರಳೆ ಮಾತ್ರ ನಿನ್ನ ಒಂದು ಉಸಿರಿಗೇ ಎದ್ದು ಹಾರಿಹೋಗುತ್ತದೆ.